ಚಾಪೆಲ್ ಹೊಲದ ತಡಮೆ

ಬೆವನ್ ಆ ಕಿಂಡಿ ಮುಚ್ಚದೆ ಇದ್ದರೆ ಸಾಕಪ್ಪ ಎಂದು ಹೆಸ್ಟರ್ ಪ್ರಾಸರ್ ಹಾಸಿಗೆಯಿಂದ ಕಾಲು ಕೆಳಗಿಡುವಾಗಲೇ ಅಂದುಕೊಂಡಳು. ಕಾಲು ಕೆಳಗಿಡುವುದು ಈಗ ಒಂದು ಕೆಲಸವಲ್ಲ, ಎರಡು. ಬಲಗಾಲು ತಾನಾಗಿ ಇಳಿಯುತ್ತದೆ. ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ತಂದು ಅದರ ಪಕ್ಕದಲ್ಲಿಡಬೇಕು, ನೆಂಟರು ಬಿಟ್ಟುಹೋದ ಸಾಮಾನನ್ನು ಎತ್ತಿಡುವ ಹಾಗೆ. ಚಳಿಗಾಲದಿಂದ ಹೀಗೆ. ಯಾರಿಗೂ ಹೇಳಿಲ್ಲ. ಹೇಳುವುದಾದರೂ ಯಾರಿಗೆ? ಎಲ್ಡರ್‌ಕೋಟ್ ಊರಿನ ದವಾಖಾನೆಯಲ್ಲಿ ಮುಂದಿನ ಮೇಜಿನ ಹಿಂದೆ ಆಯುಷ್ಯವೆಲ್ಲ ಕೂತು, ಯಾರ ಮಂಡಿ ಸವೆದಿದೆ, ಯಾರ ಮೂತ್ರದಲ್ಲಿ ಸಕ್ಕರೆ ಇದೆ, ಯಾರ ಗಂಡ ನಿದ್ದೆ ಮಾತ್ರೆಯಿಲ್ಲದೆ ಮಲಗುವುದಿಲ್ಲ ಎಂಬುದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡವಳು, ಈಗ ತನ್ನ ಮಂಡಿಯನ್ನು ಹೊತ್ತುಕೊಂಡು ಹೋಗಿ ಅದೇ ಮೇಜಿನ ಮುಂದೆ ನಿಲ್ಲುವುದೇ? ಅಲ್ಲಿ ಈಗಿರುವ ಚೂಯಿಂಗ್ ಗಮ್ಮಿನ ಹುಡುಗಿ ತಲೆಯೆತ್ತದೆ, "ಕೂತ್ಕೊಳ್ಳಿ, ಕರೀತೀನಿ" ಅನ್ನುವುದೇ? ಅದು ಹೆಸ್ಟರಳ ಮಾತು. ಅವಳು ಹಾಗೆಂದರೆ ಪಾದ್ರಿಯಾದರೂ ಬಾಯಿ ಮುಚ್ಚಿ ಕೂರುತ್ತಿದ್ದ.

ನಿನ್ನೆ ಅಂಗಡಿಯಲ್ಲಿ ಬ್ರೆಡ್ಡಿಗೆ ನಿಂತಿದ್ದಾಗ ಬೆವನ್ ಅವಳ ಬೆನ್ನ ಹಿಂದೆಯೇ ಇದ್ದ. ಚಾಪೆಲ್ ಹೊಲ ಅವನದು. ಹೊಲದ ಮಧ್ಯೆ ಹಾದುಹೋಗುವ ಕಾಲುದಾರಿ ಮಾತ್ರ ಎಲ್ಲರದು, ಅವನಪ್ಪನ ಕಾಲಕ್ಕೂ ಮೊದಲಿಂದಲೂ. "ಕುರಿಮರಿಗಳು ಬೇಲಿ ನುಸುಳಿ ಆಚೆ ಹೋಗ್ತಾ ಇದಾವೆ ಕಣ್ರೀ" ಎಂದು ಅವನು ಅಂಗಡಿಯವಳಿಗೆ ಹೇಳುತ್ತಿದ್ದ. "ಕೆಳಗಡೆ ಮೂಲೇಲಿ ಒಂದು ಕಿಂಡಿ ಆಗಿದೆ. ನರಿ ಅಲ್ಲ ಅದು. ನರಿಗೆ ಇಷ್ಟಗಲ ಯಾಕೆ? ನೆಲ ಎಲ್ಲ ಸವೆದು ನುಣ್ಣಗಾಗಿದೆ. ಯಾವುದೋ ಭಾರಿ ಪ್ರಾಣೀನೇ ಓಡಾಡ್ತಾ ಇದೆ." ಅಂಗಡಿಯವಳು ನಕ್ಕಳು. ಹೆಸ್ಟರಳೂ ನಕ್ಕಳು, ಒಂದು ಕ್ಷಣ ತಡವಾಗಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಅವಳ ಕೈ ತಾನಾಗಿ ಕೆಳಗಿಳಿದು ಲಂಗದ ಮಂಡಿಯ ಜಾಗವನ್ನು ಒರೆಸಿತು. ಅಲ್ಲಿ ಮಣ್ಣಿರಲಿಲ್ಲ. ಮಂಗಳವಾರ ಯಾಕಿರುತ್ತದೆ? ಮಣ್ಣಾಗುವುದು ಬುಧವಾರ.

ಬುಧವಾರದ ನಡಿಗೆಗೆ 'ಸುಲಭದ ನಡಿಗೆ' ಎಂದು ಹೆಸರಿಟ್ಟವಳೂ ಅವಳೇ. ಕೆಲಸ ಬಿಟ್ಟ ವರ್ಷ, ಊರಿನ ವಯಸ್ಸಾದವರನ್ನೆಲ್ಲ ಟೀವಿ ಮುಂದಿನಿಂದ ಎಬ್ಬಿಸಿ ತಂದು, ಚರ್ಚಿನ ಗೇಟಿನ ಬಳಿ ನಿಲ್ಲಿಸಿ, ತಾನು ಮುಂದೆ ಮುಂದೆ ನಡೆದಿದ್ದಳು. ಗುಡ್ಡ ಹತ್ತುವುದಿಲ್ಲ, ಹೊಳೆ ದಾಟುವುದಿಲ್ಲ. ಓಣಿಯಲ್ಲಿ ಸ್ವಲ್ಪ ದೂರ, ಚಾಪೆಲ್ ಹೊಲ, ಆಮೇಲೆ ಕಾಡಿನಂಚು, ಕೊನೆಗೆ ಪಬ್ಬಿನಲ್ಲಿ ಸೂಪು. ಇಡೀ ದಾರಿಗೆ ಇರುವುದು ಒಂದೇ ತಡಮೆ, ಚಾಪೆಲ್ ಹೊಲದ ತುದಿಯಲ್ಲಿ: ಎರಡು ಮೆಟ್ಟಿಲ ಹಲಗೆ, ಮೇಲೊಂದು ಅಡ್ಡ ಮರ, ಕಾಲೆತ್ತಿ ಆಚೆ ಹಾಕಿದರೆ ಮುಗಿಯಿತು. ಕುರಿ ದಾಟಬಾರದು, ಮನುಷ್ಯ ದಾಟಬೇಕು, ಅಷ್ಟೇ ಅದರ ಕೆಲಸ. ಜನವರಿಯಲ್ಲಿ ಒಂದು ದಿನ ಹೆಸ್ಟರ್, "ಮೊಯ್ರಾ, ಇನ್ಮೇಲೆ ಮುಂದೆ ನೀನು ನಡಿ. ಹಿಂದೆ ಯಾರಾದ್ರೂ ಜವಾಬ್ದಾರಿ ಇರೋರು ಬೇಕು, ಯಾರೂ ಹಿಂದುಳೀಬಾರದು" ಅಂದಳು. ಎಷ್ಟು ದೊಡ್ಡ ಮನಸ್ಸು ಎಂದು ಎಲ್ಲರೂ ಮೆಚ್ಚಿದರು. ಆ ಮೆಚ್ಚುಗೆ ಅವಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಇನ್ನೂ ಇತ್ತು.

ಚರ್ಚಿನ ಗೇಟಿನ ಬಳಿ ಎಲ್ಲರೂ ಸೇರಿದ್ದರು. ಮೇ ತಿಂಗಳ ಬಿಸಿಲು, ಬಿಸಿಲೆಂದರೆ ಸ್ವೆಟರು ತೆಗೆಯಲೋ ಬೇಡವೋ ಎಂದು ಯೋಚಿಸುವಷ್ಟು. ಮೊಯ್ರಾಳ ಪುಟ್ಟ ನಾಯಿ ಪಿಕಲ್ ಎಲ್ಲರ ಬೂಟನ್ನೂ ಮೂಸಿ ಹಾಜರಿ ತೆಗೆದುಕೊಳ್ಳುತ್ತಿತ್ತು. ಎಲ್ಲರಿಗಿಂತ ಆಚೆ, ಗೋರಿಗಲ್ಲಿಗೆ ಒರಗಿಕೊಂಡ ಹಾಗೂ ಅಲ್ಲ, ನಿಂತ ಹಾಗೂ ಅಲ್ಲ, ಕ್ಲೈವ್ ಟಡ್ಜ್ ಇದ್ದ. ಅವನನ್ನು ನೋಡಿದ್ದೇ ಹೆಸ್ಟರ್ ಬೆನ್ನು ನೆಟ್ಟಗೆ ಮಾಡಿಕೊಂಡಳು. ಈ ಮನುಷ್ಯ ಸುತ್ತಲಿನ ಊರುಗಳಿಗೆಲ್ಲ ಡ್ರೈವಿಂಗ್ ಪರೀಕ್ಷೆ ಮಾಡುತ್ತಿದ್ದವನು. ಅವಳನ್ನು ಎರಡು ಸಲ ಫೇಲು ಮಾಡಿದ್ದ. ಪಕ್ಕದಲ್ಲಿ ಕೂತು, ಮೊಣಕಾಲ ಮೇಲೆ ಹಲಗೆಯಿಟ್ಟುಕೊಂಡು, ಒಂದು ಮಾತೂ ಆಡದೆ ಗೀಚುತ್ತಿದ್ದ. ಅದಕ್ಕೆ ಬದಲಾಗಿ ಅವಳೂ ಅವನನ್ನು ದವಾಖಾನೆಯಲ್ಲಿ ಎಷ್ಟೋ ಸಲ, ಅವನ ಹಿಂದೆ ಬಂದವರನ್ನು ಮೊದಲು ಒಳಗೆ ಬಿಟ್ಟು, ಕಾಯಿಸಿದ್ದುಂಟು. ಅವನಿಗೆ ಅದು ಗೊತ್ತಿತ್ತೋ ಇಲ್ಲವೋ.

"ನಮಸ್ಕಾರ ಮಿಸೆಸ್ ಪ್ರಾಸರ್. ನಮ್ಮ ಮನೆಯೋಳು ದಬ್ಬಿದಾಳೆ ನನ್ನ. ಮನೇಲಿ ಕೂತು ಅವಳ ತಲೆ ತಿಂತೀನಂತೆ."

"ಬನ್ನಿ ಬನ್ನಿ. ಇಲ್ಲಿ ತಿನ್ನೋಕೆ ಬೇಕಾದಷ್ಟು ತಲೆ ಇದಾವೆ."

"ನಾನು ಹಿಂದೆ ಇರ್ತೀನಿ. ನಿಧಾನ ನಾನು."

"ಹಿಂದೆ ನಾನಿರ್ತೀನಿ" ಎಂದಳು ಹೆಸ್ಟರ್, ಸ್ವಲ್ಪ ಜೋರಾಗಿಯೇ. "ಅದು ಇಲ್ಲಿನ ಪದ್ಧತಿ."

ಓಣಿಯ ಎರಡೂ ಬದಿ ಮುಳ್ಳುಬೇಲಿ ಬಿಳಿಯಾಗಿ ಹೂಬಿಟ್ಟಿತ್ತು. ಬೇಲಿಯ ಬುಡದಲ್ಲಿ ಸೊಂಟದೆತ್ತರ ಬೆಳೆದ ಕಾಡುಗಿಡಗಳ ತಲೆಯ ಮೇಲೆಲ್ಲ ಬಿಳಿ ನೊರೆ. ಹೆಸ್ಟರ್ ಕಾಲನ್ನು ನೋಡದೆ ಹೂವನ್ನು ನೋಡುತ್ತ ನಡೆದಳು. ಕಾಲನ್ನು ನೋಡಿದರೆ ಅದಕ್ಕೆ ಗೊತ್ತಾಗಿಬಿಡುತ್ತದೆ, ಮುದ್ದು ಮಾಡಿದ ಮಗುವಿನ ಹಾಗೆ ಅಳಲು ಶುರುಮಾಡುತ್ತದೆ. ಮುಂದೆ ಓಣಿ ತಿರುಗುವಲ್ಲಿ ಬೆರಿಲ್ ಗ್ವಿಲಿಯಮ್‌ಳ ಮನೆ, ದಿಬ್ಬದ ಮೇಲೆ, ಓಣಿಗೆ ಮುಖ ಮಾಡಿ. ಮುಂಬಾಗಿಲ ಪಕ್ಕದ ಕಿಟಕಿಯಲ್ಲಿ ಮೊದಲೆಲ್ಲ ಬುಧವಾರ ಬೆರಿಲ್ ನಿಂತಿರುತ್ತಿದ್ದಳು, ಕೈಯೆತ್ತಿ, "ಏಯ್, ಕುರಿ ಹಿಂಡು ಹೊರಡ್ತಾ!" ಎಂದು ಗಾಜಿನೊಳಗಿಂದಲೇ ಕೂಗುತ್ತಿದ್ದಳು. ಅದಕ್ಕೂ ಮೊದಲು ಅವಳೂ ಹಿಂಡಿನಲ್ಲಿದ್ದವಳೇ, ಹೆಸ್ಟರಳ ಪಕ್ಕದಲ್ಲೇ. ಸೊಂಟ ಹೋದ ಮೇಲೆ ತಡಮೆಯ ಹತ್ತಿರ ಎಲ್ಲರೂ ಅವಳಿಗಾಗಿ ಕಾಯಬೇಕಾಗುತ್ತಿತ್ತು. ಒಂದು ದಿನ ಹೆಸ್ಟರ್ ಅವಳ ಭುಜದ ಮೇಲೆ ಕೈಯಿಟ್ಟು, ತನ್ನ ದವಾಖಾನೆಯ ಮೇಜಿನ ದನಿಯಲ್ಲಿ, "ನಿನಗೆ ಚರ್ಚಿನ ಸುತ್ತು ಹಾಕೋದೇ ಒಳ್ಳೇದು ಅನ್ಸತ್ತೆ ಕಣೇ, ಅಲ್ವಾ?" ಅಂದಿದ್ದಳು. ಅಲ್ವಾ ಎನ್ನುವುದು ಪ್ರಶ್ನೆಯಾಗಿರಲಿಲ್ಲ. ಈಗ ಆ ಕಿಟಕಿಯಲ್ಲಿ ಕೆಂಪು ಹೂವಿನ ಕುಂಡವೊಂದೇ ಇತ್ತು, ಮಾರ್ಚಿನಲ್ಲಿ ನಡೆದ ಊರ ಸಮಿತಿಯ ಸಭೆಯಿಂದ ಈಚೆಗೆ ಹೀಗೇ.

ಹೆಸ್ಟರ್ ಕುಂಡವನ್ನು ನೋಡಿಯೂ ನೋಡದ ಹಾಗೆ ದಾಟಿದಳು. ಸಭೆಯದು ನೆನಪಾಗಬಾರದು ಎಂದುಕೊಂಡರೆ ಅದೇ ನೆನಪಾಗುತ್ತದೆ. ಸಮಿತಿಯವರೆಲ್ಲ ಮರದ ಕುರ್ಚಿಗಳ ಮೇಲೆ, ಹಿಂದೆ ಟೀ ಪಾತ್ರೆ ಗುರುಗುಡುತ್ತಿದೆ, ಬೆರಿಲ್ ಕೋಲೂರಿ ಎದ್ದು ನಿಂತಿದ್ದಾಳೆ. ಚಾಪೆಲ್ ಹೊಲದ ತಡಮೆ ಕಿತ್ತು ಅಲ್ಲೊಂದು ಗೇಟು ಇಡಬೇಕಂತೆ. "ಪಿಕಲ್‌ಗೆ ಅಲ್ಲೊಂದು ಬಾಗಿಲಿದೆ. ಪಕ್ಕದ ಹಲಗೆ ಎತ್ತಿದ್ರೆ ಸಾಕು, ಬಾಲ ಆಡಿಸ್ಕೊಂಡು ಹೋಗತ್ತೆ. ನಾವೇನು ನಾಯಿಗಿಂತ ಕಡೆಯಾದ್ವಾ?" ಎಲ್ಲರೂ ನಕ್ಕರು, ಬೆವನ್ ಕೂಡ. ಬೆರಿಲ್ ನಗುತ್ತಿದ್ದವರಲ್ಲಿ ಬೇರೆ ಯಾರನ್ನೂ ನೋಡದೆ ಹೆಸ್ಟರಳನ್ನೇ ನೋಡುತ್ತಿದ್ದಳು. ಆಗ ಹೆಸ್ಟರ್ ಎದ್ದಳು. ಯಾಕೆ ಎದ್ದೆ? ಕೂತೇ ಇರಬಹುದಿತ್ತು. ಗೇಟು ಬೇಕು ಎಂದರೆ ಯಾರಿಗೆ ಬೇಕು ಎಂದು ಕೇಳುತ್ತಾರೆ, ಊರು ಒಂದೊಂದೇ ಮಂಡಿಯ ಕಡೆ ಕಣ್ಣು ಹಾಯಿಸುತ್ತದೆ, ಕೊನೆಗೆ ತನ್ನ ಮಂಡಿಯ ಹತ್ತಿರ ಬಂದು ನಿಲ್ಲುತ್ತದೆ—ಆ ಹೆದರಿಕೆ ಅವಳನ್ನು ಎಬ್ಬಿಸಿತ್ತು. ಆದರೆ ಬಾಯಿಂದ ಬಂದದ್ದು ಬೇರೆ. "ಅಜ್ಜ ಮುತ್ತಜ್ಜರ ಕಾಲದ ತಡಮೆ ಅದು. ಎಲ್ಲಾ ದಾರೀನೂ ಎಲ್ಲರಿಗೂ ಆಗ್ಬೇಕು ಅಂದ್ರೆ ಹೇಗೆ ಬೆರಿಲ್? ಆಗದೇ ಇರೋರು ಮನೇಲಿ ಕೂತು ಕಿಟಕೀಲಿ ನೋಡಬಹುದಲ್ಲ." ಯಾರೂ ನಗಲಿಲ್ಲ. ಬೆರಿಲ್ ಏನೋ ಹೇಳಲು ಬಾಯಿ ತೆರೆದು, ಸುಮ್ಮನೆ ಕೂತಳು. ಹೆಸ್ಟರ್ ಪ್ರಾಸರ್ ಬೇಡವೆಂದ ಮೇಲೆ ಬೇಕು ಎನ್ನುವವರು ಯಾರು? ಮುಂದಿನ ಸಭೆಗೆ ನೋಡೋಣ ಅಂದರು. ಮುಂದಿನ ಸಭೆ ಇವತ್ತು ಸಂಜೆ. ಇವತ್ತು ಅವಳು ಏನು ಹೇಳುತ್ತಾಳೋ ಅದೇ ಕೊನೆಯ ಮಾತು. ಬೇಡ ಅಂದರೆ ತಡಮೆ ಅವಳು ಸಾಯುವವರೆಗೂ ಅಲ್ಲೇ ಇರುತ್ತದೆ, ಬೇಕು ಅಂದರೆ ಯಾಕೆ ಎಂದು ಹೇಳಬೇಕಾಗುತ್ತದೆ.

ಚಾಪೆಲ್ ಹೊಲಕ್ಕೆ ಇಳಿಯುವಾಗ ದೂರದಿಂದಲೇ ಅವಳ ಕಣ್ಣು ಕೆಳಗಿನ ಮೂಲೆಗೆ ಹೋಯಿತು. ಹಸಿರಿನ ನಡುವೆ ಏನೋ ಹೊಳೆಯಿತು. ಹೊಸ ತಂತಿ ಬಲೆ. ಬಿಗಿಯಾಗಿ, ನೆಲದವರೆಗೂ, ಗೂಟ ಹೊಡೆದು, ಎಷ್ಟು ಅಚ್ಚುಕಟ್ಟು! ಅವಳ ಕಿಂಡಿ ಮುಚ್ಚಿಹೋಗಿತ್ತು. ಚಳಿಗಾಲದಿಂದ ಅವಳು ಮಾಡುತ್ತಿದ್ದದ್ದು ಇಷ್ಟೇ: ಎಲ್ಲರೂ ತಡಮೆ ದಾಟಿ ಕಾಡಂಚಿನಲ್ಲಿ ಮರೆಯಾಗುವವರೆಗೆ ಬೂಟಿನ ಲೇಸು ಕಟ್ಟುವುದು, ಆಮೇಲೆ ಬೇಲಿಗುಂಟ ಮೂಲೆಗೆ ಇಳಿದು, ಅಂಬೆಗಾಲಿಕ್ಕಿ, ತಲೆ ತಗ್ಗಿಸಿ, ಮುಳ್ಳು ಬೆನ್ನನ್ನು ಗೀರುತ್ತಿರಲು ಆ ಕಿಂಡಿಯಲ್ಲಿ ನುಸುಳುವುದು. ಆಚೆ ಎದ್ದು, ಕಿಸೆಯಲ್ಲಿದ್ದ ಒದ್ದೆ ಬಟ್ಟೆಯಿಂದ ಮಂಡಿ ಒರೆಸಿಕೊಂಡು, ಅವರನ್ನು ಸೇರಿಕೊಳ್ಳುವುದು. ಒಮ್ಮೆ ಮೊಯ್ರಾ ಮಣ್ಣು ನೋಡಿ ಕೇಳಿದ್ದಕ್ಕೆ, "ಬೇಲಿ ಬುಡದಲ್ಲಿ ಅಪರೂಪದ ಹೂವೊಂದಿದೆ, ಬಗ್ಗಿ ನೋಡ್ತಿದ್ದೆ" ಅಂದುಬಿಟ್ಟಿದ್ದಳು. ಆವತ್ತಿನಿಂದ ಎಲ್ಲರಿಗೂ ಆ ಹೂವಿನದೇ ಚಿಂತೆ. "ಈ ವಾರ ಅರಳ್ತಾ ಹೆಸ್ಟರ್?" "ಮೊಗ್ಗಾಗಿದೆ." ಪಾಪ, ಸಂಭಾವಿತರು; ಅವಳ ಹೂವನ್ನು ತುಳಿಯಬಾರದೆಂದು ಯಾರೂ ಆ ಮೂಲೆಗೆ ಹೋಗುತ್ತಿರಲಿಲ್ಲ.

ತಡಮೆಯ ಹತ್ತಿರ ಒಬ್ಬೊಬ್ಬರೇ ದಾಟಿದರು. ಏದುಸಿರು, "ಅಯ್ಯೋ", "ಹಿಡ್ಕೋ", "ನನ್ನ ಪ್ಯಾಂಟು ಹರೀತು", ನಗು. ಪಿಕಲ್‌ಗೆ ಮೊಯ್ರಾ ಪಕ್ಕದ ಹಲಗೆ ಎತ್ತಿದಳು. ಅದು ಬಾಲವಾಡಿಸಿಕೊಂಡು ಹೋಯಿತು. ಹೆಸ್ಟರ್ ಪ್ರತಿಯೊಬ್ಬರ ಮೊಣಕೈಗೂ ಆಸರೆ ಕೊಟ್ಟು, ಶಹಬ್ಬಾಸ್ ಎಂದು ಬೆನ್ನು ತಟ್ಟಿ ಕಳಿಸಿದಳು. ಮಾತುಗಳು ಕಾಡಂಚಿಗೆ ಹೋಗಿ ಸಣ್ಣಗಾದವು. ಈಚೆ ಕಡೆ ಉಳಿದವರು ಇಬ್ಬರು.

"ಹೋಗಿ ಮಿಸ್ಟರ್ ಟಡ್ಜ್."

"ಎಲ್ಲಾದ್ರೂ ಉಂಟಾ? ನೀವು ಮೊದಲು."

"ಹಿಂದೆ ಇರೋಳು ನಾನು. ಕೊನೇಗೆ ದಾಟೋಳು ನಾನೇ."

"ಹೆಂಗಸರನ್ನ ಹಿಂದೆ ಬಿಟ್ಟು ನಾನು ಮುಂದೆ ಹೋದ್ರೆ ನಮ್ಮಮ್ಮ ಗೋರಿಯಿಂದ ಎದ್ದು ಬಂದು ಕಪಾಳಕ್ಕೆ ಕೊಡ್ತಾಳೆ. ದಯವಿಟ್ಟು."

"ಇಲ್ಲ ಇಲ್ಲ, ದಯವಿಟ್ಟು ನೀವು."

ಇಬ್ಬರೂ ತಡಮೆಯ ಎರಡು ಬದಿಯ ಗೂಟ ಹಿಡಿದು ನಿಂತರು, ಬಾಗಿಲು ಕಾಯುವವರ ಹಾಗೆ. ಒಂದು ಕುರಿ ಬಂದು ನೋಡಿತು. ಹೆಸ್ಟರ್ ಲೇಸು ಕಟ್ಟಲು ಬಗ್ಗಿದಳು. ನೆಟ್ಟಗಾಗಿ ನೋಡಿದರೆ ಅವನೂ ಬಗ್ಗಿ ಲೇಸು ಕಟ್ಟುತ್ತಿದ್ದ. ಅವನದು ಲೇಸಿಲ್ಲದ ಬೂಟು. ಹವೆ ಚೆನ್ನಾಗಿದೆ ಅಂದಳು. ಮಧ್ಯಾಹ್ನದ ಮೇಲೆ ಮೋಡ ಬರಬಹುದು ಅಂದ ಅವನು. ಈ ವರ್ಷ ಮುಳ್ಳುಹೂವು ಜಾಸ್ತಿ. ಹೌದು, ಹೋದ ವರ್ಷಕ್ಕಿಂತ ಜಾಸ್ತಿ. ಮಾತು ಮುಗಿಯಿತು. ಈ ಮನುಷ್ಯ ಯಾಕೆ ಹೋಗುತ್ತಿಲ್ಲ? ಬೇಕೆಂದೇ ನೋಡುತ್ತಿದ್ದಾನೆಯೇ, ಆವತ್ತು ಕಾರಿನಲ್ಲಿ ನೋಡುತ್ತಿದ್ದ ಹಾಗೆ? ಎಲ್ಲ ಮುಗಿದ ಮೇಲೂ, ಇಬ್ಬರೂ ಮುದಿಯಾದ ಮೇಲೂ, ಪರೀಕ್ಷೆ ಮಾಡುವವನು ಅವನೇ, ಮಾಡಿಸಿಕೊಳ್ಳುವವಳು ತಾನೇ ಎಂದು ಕಣ್ಣಲ್ಲಿ ನೀರು ಬರುವಷ್ಟು ಸಿಟ್ಟು ಬಂತು.

"ನೋಡಿ ಮಿಸೆಸ್ ಪ್ರಾಸರ್" ಎಂದ ಕ್ಲೈವ್ ಕೊನೆಗೆ, ಟೋಪಿ ತೆಗೆದು ಹಣೆ ಒರೆಸಿಕೊಂಡು. "ಸತ್ಯ ಹೇಳ್ಬಿಡ್ತೀನಿ. ನನ್ನ ಕೈಲಿ ಇದು ದಾಟಕ್ಕಾಗಲ್ಲ. ನಿಮ್ಮನ್ನ ಮುಂದೆ ಕಳಿಸಿ, ಮೆಲ್ಲಗೆ ಹಿಂದಕ್ಕೆ ಹೋಗಿ, ರಸ್ತೇಲಿ ಪಬ್ಬಿಗೆ ಬರೋಣ ಅಂತಿದ್ದೆ. ನೀವು ಜಪ್ಪಯ್ಯ ಅಂದ್ರೂ ಹೋಗ್ತಾ ಇಲ್ಲ."

ಎಷ್ಟು ಸಲೀಸಾಗಿ ಹೇಳಿದ! ನನ್ನ ಕೈಲಿ ಆಗಲ್ಲ. ಟೋಪಿ ತೆಗೆದು ಹಾಕಿದಷ್ಟೇ ಸುಲಭವಾಗಿ. ಆಕಾಶವೇನೂ ಕಳಚಿ ಬೀಳಲಿಲ್ಲ, ಕುರಿ ಮೇಯುವುದನ್ನು ನಿಲ್ಲಿಸಲಿಲ್ಲ. ಹೆಸ್ಟರಳಿಗೆ ಅವನ ಮೇಲೆ ಮೆಚ್ಚಿಕೆಯೂ ಹುಟ್ಟಿತು, ಅದಕ್ಕಿಂತ ಹೆಚ್ಚಾಗಿ ಅಸೂಯೆ. ಆಗಲಾದರೂ ಅವಳು ನನ್ನ ಕೈಲೂ ಆಗಲ್ಲ ಅನ್ನಬಹುದಿತ್ತು. ಬಾಯಿಗೆ ಬಂದಿತ್ತು ಕೂಡ. ಆದರೆ ಅವನು ಕರುಣೆಯಿಂದ ಅವಳ ಕಾಲಿನ ಕಡೆ ನೋಡಿದನೆಂದು ತೋರಿತು, ಅಷ್ಟೇ. "ನನಗಾಗತ್ತೆ" ಎಂದು ಬಲಗಾಲನ್ನು ಹಲಗೆಯ ಮೇಲಿಟ್ಟೇಬಿಟ್ಟಳು. ಒಂದು ಹಲಗೆ. ಎಡಗಾಲನ್ನು ಎಳೆದುಕೊಂಡಳು. ಎರಡನೆಯ ಹಲಗೆ. ಮೇಲಿನ ಅಡ್ಡ ಮರದ ಮೇಲೆ ಹೇಗೋ ಕೂತೂ ಬಿಟ್ಟಳು. ಇನ್ನು ಎಡಗಾಲನ್ನು ಎತ್ತಿ ಆಚೆ ಹಾಕಬೇಕು. ಕಾಲು ಏಳಲಿಲ್ಲ. ಎರಡೂ ಕೈಯಲ್ಲಿ ಎತ್ತಬೇಕೆಂದರೆ ಹಿಡಿದ ಕೈ ಬಿಡಬೇಕು. ಕೈ ಬಿಟ್ಟರೆ ಬೀಳುತ್ತಾಳೆ.

ಅಲ್ಲಿ ಕೂತಳು. ಕಾಡಿನ ಕಡೆಯಿಂದ ಗಾಳಿ ಬೀಸಿ ಬೇಲಿಯ ಹೂವೆಲ್ಲ ಅವಳ ತಲೆಯ ಮೇಲೆ, ಭುಜದ ಮೇಲೆ ಉದುರಿತು. ಇಷ್ಟು ವರ್ಷ ದಾಟಿದ್ದೇ ದಾಟಿದ್ದು, ಒಮ್ಮೆಯೂ ಇದರ ಮೇಲೆ ಕೂತು ನೋಡಿರಲಿಲ್ಲ. ಕೆಳಗೆ ಇಡೀ ಹೊಲ, ಹಳದಿ ಹೂವು ಚೆಲ್ಲಿದ ಹುಲ್ಲು, ಹೊಸ ಬಲೆಯ ಆಚೆ ನಿಂತು ತಾಯಿಯನ್ನು ಕೂಗುತ್ತಿದ್ದ ಒಂದು ಮರಿ. ಬೆವನ್ ಮುಚ್ಚುವಾಗ ಆಚೆ ಉಳಿದದ್ದಿರಬೇಕು. ತಾಯಿ ಈಚೆ, ಮರಿ ಆಚೆ, ನಡುವೆ ಅವಳ ಕಿಂಡಿಯಿದ್ದ ಜಾಗ. ಹೊಲದ ಮೇಲುಗಡೆ ಸೇಬಿನ ಮರಗಳು, ಅವುಗಳ ತಲೆಯ ಮೇಲೆ ಬೆರಿಲ್ ಮನೆಯ ಚಿಮಣಿ, ಹೊಗೆ. ಬೆರಿಲ್ ಇದೇ ಹಲಗೆಯ ಮೇಲೆ ಹೀಗೆಯೇ ಕೂತು ಏದುಸಿರು ಬಿಟ್ಟಿದ್ದಳಲ್ಲ, ಆಗ ತಾನು ಆಚೆ ನಿಂತು ಗಡಿಯಾರ ನೋಡಿಕೊಂಡಿದ್ದೆನಲ್ಲ. ಈ ನೆನಪು ಬಂದದ್ದೇ ಹೆಸ್ಟರಳಿಗೆ ಅಳು ಬಂತು, ಮುಖ ತಿರುಗಿಸಿಕೊಂಡಳು.

"ಇಳೀರಿ" ಎಂದ ಕ್ಲೈವ್ ಮೆಲ್ಲಗೆ. "ನನ್ನ ಭುಜ ಹಿಡ್ಕೊಳ್ಳಿ. ಹಂಗೇ ಹಿಂದಕ್ಕೆ ಬನ್ನಿ, ರಿವರ್ಸು."

"ರಿವರ್ಸಿಗೇ ಅಲ್ವಾ ನನ್ನ ಫೇಲ್ ಮಾಡಿದ್ದು ನೀವು?"

"ಅಲ್ಲ ತಾಯಿ. ರಿವರ್ಸಲ್ಲಿ ಎಲ್ಲರೂ ಕಲ್ಲಿಗೆ ತಾಗಿಸ್ತಾರೆ. ನೀವು ತಾಗಿಸಿ, ತಾಗಿಲ್ಲ ಅಂದ್ರಿ."

ಅವನ ಭುಜ ಹಿಡಿದು ಅವಳು ಇಳಿದಳು. ಅಷ್ಟರಲ್ಲಿ ಕಾಡಂಚಿನಿಂದ ಮೊಯ್ರಾ ಕೂಗಿದಳು, "ಹೆಸ್ಟರ್! ಎಲ್ಲಾ ಸರಿ ಇದೆಯಾ?" ಕ್ಲೈವ್ ಅವಳ ಮುಖ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು, "ನನ್ನ ಸೊಂಟ ಹಿಡ್ಕೊಂಡಿದೆ! ಮಿಸೆಸ್ ಪ್ರಾಸರ್ ಪಾಪ ನನ್ನ ಕರ್ಕೊಂಡು ರಸ್ತೇಲಿ ಬರ್ತಾರೆ!" ಎಂದು ಕೂಗಿದ. "ಎಷ್ಟು ಒಳ್ಳೆಯವಳಮ್ಮ ನೀನು!" ಎಂದು ಮೊಯ್ರಾಳ ದನಿ ಬಂತು. ತಾಗಿಸಿ ತಾಗಿಲ್ಲ ಅಂದ ಹಾಗೆ ಮತ್ತೊಮ್ಮೆ ಆಯಿತು, ಈ ಸಲ ಇನ್ನೊಬ್ಬರ ಬಾಯಲ್ಲಿ. ಅವಳು ಆ ಸುಳ್ಳನ್ನು ಕೋಟಿನ ಹಾಗೆ ಹೊದ್ದುಕೊಂಡು ಓಣಿಯ ಕಡೆ ತಿರುಗಿದಳು.

ಇಬ್ಬರೂ ಕುಂಟುತ್ತ ಬಂದರು, ಅವನು ಬಲಕ್ಕೆ, ಅವಳು ಎಡಕ್ಕೆ, ಆಗಾಗ ಭುಜ ತಗಲುತ್ತಿತ್ತು. ಅವನು ತನ್ನ ಹೆಂಡತಿ ಮಾಡುವ ಮಾಂಸದ ಕಡುಬಿನ ಬಗ್ಗೆ ಹೇಳುತ್ತಿದ್ದ; ಕಲ್ಲಿನಷ್ಟು ಗಟ್ಟಿಯಂತೆ, ಆದರೂ ಹೊಗಳಿ ತಿನ್ನಬೇಕಂತೆ. ಹೆಸ್ಟರ್ ಹೂಂ ಅನ್ನುತ್ತಿದ್ದಳು. ಬೆರಿಲ್ ಮನೆಯ ಮುಂದೆ ಬಂದಾಗ ಅವಳ ಕಾಲು ನಿಂತಿತು. ಈ ಸಲ ನೋವಿನಿಂದಲ್ಲ.

"ನೀವು ನಡೀರಿ" ಅಂದಳು.

"ಇಲ್ಲ ಇಲ್ಲ, ನೀವು ಮೊದಲು" ಎಂದ ಕ್ಲೈವ್. ಆಮೇಲೆ ಅವಳ ಮುಖ ನೋಡಿ, ಟೋಪಿ ಎತ್ತಿ, ಹೊರಟುಹೋದ.

ಬಾಗಿಲು ತಟ್ಟಲು ಕೈಯೆತ್ತಿದಳು. ಏನು ಹೇಳುವುದು? ಹೀಗೇ ಬಂದೆ ಅನ್ನಬಹುದು. ಹವೆ ಚೆನ್ನಾಗಿತ್ತು ಅನ್ನಬಹುದು. ಕ್ಷಮಿಸು ಎನ್ನುವ ಮಾತನ್ನು ಈ ಊರಿನಲ್ಲಿ ಕಾಲು ತುಳಿದರೂ ಅನ್ನುತ್ತಾರೆ, ಕಾಲು ತುಳಿಸಿಕೊಂಡರೂ ಅನ್ನುತ್ತಾರೆ. ನಿಜವಾಗಿ ಬೇಕಾದಾಗ ಅದರಲ್ಲಿ ಏನೂ ಉಳಿದಿರುವುದಿಲ್ಲ. ತಟ್ಟುವ ಮೊದಲೇ ಒಳಗಿಂದ ದನಿ ಬಂತು.

"ತೆಗೆದೇ ಇದೆ, ಬಾ. ಏಯ್, ನಿಲ್ಲು ನಿಲ್ಲು! ಆ ಹೂ ತಗೊಂಡು ಹೊಸ್ತಿಲು ದಾಟಬೇಡ. ಸಾಯೋಕೆ ನಂಗಿನ್ನೂ ಪುರುಸೊತ್ತಿಲ್ಲ."

ಮುಳ್ಳುಹೂವನ್ನು ಮನೆಯೊಳಗೆ ತಂದರೆ ಸಾವನ್ನು ಕರೆತಂದ ಹಾಗೆ ಎಂದು ಊರಿನ ನಂಬಿಕೆ. ಹೆಸ್ಟರಳಿಗೆ ಅದು ಮರೆತೇ ಹೋಗಿತ್ತು. ಬೆರಿಲ್ ನಾಲ್ಕು ಕಾಲಿನ ಕೋಲನ್ನು ಮುಂದೆ ಮುಂದೆ ಇಡುತ್ತ ಬಂದು, ಅವಳ ಕೂದಲಿಂದ, ಕೊರಳಪಟ್ಟಿಯಿಂದ, ಭುಜದಿಂದ ಒಂದೊಂದೇ ಎಸಳನ್ನು ಆರಿಸಿ ಹೊರಗೆ ಎಸೆದಳು. ಉಸಿರು ಮೇಲೆ ಬೀಳುವಷ್ಟು ಹತ್ತಿರವಿದ್ದಳು. ಮಾರ್ಚಿನಿಂದ ಈಚೆಗೆ ಹೆಸ್ಟರಳನ್ನು ಯಾರೂ ಹೀಗೆ ಮುಟ್ಟಿರಲಿಲ್ಲ. ಅದಕ್ಕೂ ಎಷ್ಟೋ ಮೊದಲಿನಿಂದ, ನೆನಪು ಮಾಡಿಕೊಂಡರೆ.

"ಈಗ ಬಾ. ನೀರು ಕಾಯ್ತಾ ಇದೆ."

"ನಾನು ಬರ್ತೀನಿ ಅಂತ ನಿಂಗೆ ಹೇಗೆ ಗೊತ್ತು?"

"ಬೆವನ್ ನಿನ್ನೆ ಬಲೆ ಹೊಡೀತಿದ್ದ. ಇವತ್ತು ಬುಧವಾರ." ಬೆರಿಲ್ ಅಷ್ಟು ಹೇಳಿ ಅಡುಗೆಮನೆಗೆ ತಿರುಗಿದಳು.

ಮೊದಲು ಹೆಸ್ಟರಳಿಗೆ ಅರ್ಥವಾಗಲಿಲ್ಲ. ಆಮೇಲೆ ಅಡುಗೆಮನೆಯ ಹಿಂಬದಿಯ ಕಿಟಕಿಯನ್ನು ನೋಡಿದಳು. ಅದರ ಮುಂದೆ ಒಂದು ಕುರ್ಚಿ, ಕುರ್ಚಿಯ ಮೇಲೆ ದಿಂಬು, ಪಕ್ಕದಲ್ಲಿ ಕನ್ನಡಕ. ಮುಂಬದಿಯ ಕುಂಡದ ಹಿಂದೆ ನಿಲ್ಲುತ್ತಿದ್ದವಳು ಈಗ ಇಲ್ಲಿ ಕೂರುತ್ತಿದ್ದಾಳೆ. ದಿಬ್ಬದ ಮೇಲಿನ ಮನೆ. ಸೇಬಿನ ಮರಗಳ ನಡುವೆ ಇಳಿದು ಹೋದ ಸಂದಿನಲ್ಲಿ, ಅಂಗೈ ಮೇಲಿಟ್ಟ ಹಾಗೆ, ಇಡೀ ಚಾಪೆಲ್ ಹೊಲ ಕಾಣುತ್ತಿತ್ತು. ತಡಮೆ. ಬೇಲಿ. ಕೆಳಗಿನ ಮೂಲೆ, ಹೊಳೆಯುವ ಬಲೆ. ಆಚೆ ಒಂಟಿಯಾಗಿದ್ದ ಮರಿಯನ್ನು ಯಾರೋ, ಬೆವನ್ ಇರಬೇಕು, ಎತ್ತಿಕೊಂಡು ಬರುತ್ತಿದ್ದುದು ಕೂಡ.

"ಕಿಟಕೀಲಿ ನೋಡಬಹುದು ಅಂದಿದ್ದೆಯಲ್ಲ" ಎಂದಳು ಬೆರಿಲ್ ಕಪ್ಪು ತೊಳೆಯುತ್ತ. ದನಿಯಲ್ಲಿ ಕಹಿ ಇರಲಿಲ್ಲ. "ನೋಡ್ತಾ ಇದ್ದೆ."

"ಯಾವಾಗಿಂದ?"

"ಹಿಮ ಬಿದ್ದಿತ್ತಲ್ಲ, ಆವಾಗಿಂದ. ಮೊದಲನೇ ಸಲ ನೀನು ಬಿದ್ದುಬಿಟ್ಟೆ ಅಂತ ಗಾಬರಿಯಾಗಿ ಫೋನಿಗೆ ಕೈ ಹಾಕಿದೆ. ನೋಡ್ತೀನಿ, ಆಚೆ ಕಡೆ ಎದ್ದು, ಕೋಟು ಕೊಡವಿಕೊಂಡು, ಮಹಾರಾಣಿ ಹಾಗೆ ಹೊರಟೆ. ಹೊಟ್ಟೆ ಹಿಡ್ಕೊಂಡು ನಕ್ಕೆ ಕಣೇ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯೋದು ನೋಡು ಅಂತ. ಮುಂದಿನ ವಾರಾನೂ ಹಂಗೇ. ಅದರ ಮುಂದಿನ ವಾರಾನೂ. ಆಮೇಲೆ ನಗು ಬರಲಿಲ್ಲ."

ಹಿಮ ಬಿದ್ದದ್ದು ಜನವರಿಯಲ್ಲಿ. ಸಭೆ ಮಾರ್ಚಿನಲ್ಲಿ. ಹೆಸ್ಟರ್ ಮೇಜಿನ ಅಂಚು ಹಿಡಿದುಕೊಂಡಳು. "ಹಾಗಾದರೆ ಆ ಗೇಟು..."

"ನಂಗೆ ಗೇಟು ಯಾಕೆ ಹೆಸ್ಟರ್?" ಬೆರಿಲ್ ಕೈ ಒರೆಸಿಕೊಂಡು ತಿರುಗಿದಳು. "ನಮ್ಮ ಬಾಗಿಲಿಂದ ನಮ್ಮ ಬೇಲಿವರೆಗೆ ಹೋಗಿ ಬರೋಷ್ಟರಲ್ಲಿ ನಂಗೆ ಸಂಜೆ ಆಗತ್ತೆ. ಚಾಪೆಲ್ ಹೊಲ ನನ್ನ ಪಾಲಿಗೆ ಮುಗೀತು."

ನಾವೇನು ನಾಯಿಗಿಂತ ಕಡೆಯಾದ್ವಾ ಅಂದಿದ್ದಳು. ನಾವು. ತನ್ನನ್ನೇ ನೋಡುತ್ತ ಅಂದಿದ್ದಳು. ಕಿಟಕಿಯ ಮಾತು ಬಿದ್ದ ಮೇಲೂ, ಇಡೀ ಸಭೆಯೆದುರು ಒಂದೇ ಒಂದು ವಾಕ್ಯದಲ್ಲಿ ಹೆಸ್ಟರ್ ಪ್ರಾಸರಳನ್ನು ನೆಲಕ್ಕೆ ಹಾಕಬಹುದಾಗಿತ್ತು. ಬಾಯಿ ತೆರೆದವಳು, ಮುಚ್ಚಿ, ಕೂತಿದ್ದಳು. ಇಷ್ಟು ದಿನ ಕೋಪ ಮಾಡಿಕೊಂಡಿದ್ದಾಳೆ ಎಂದು ತಾನು ತಿಳಿದದ್ದು, ದಾಟುವಾಗಲೆಲ್ಲ ಮುಖ ಗಂಟಿಕ್ಕಿಕೊಂಡದ್ದು! ಹೆಸ್ಟರಳಿಗೆ ನಾಚಿಕೆಯಾಯಿತು, ಮೈಯೆಲ್ಲ ಬಿಸಿಯೇರುವ ನಾಚಿಕೆ. ಆದರೆ ಅದರ ಅಡಿಯಲ್ಲೇ, ಚಳಿಗಾಲದಿಂದ ಬಿಗಿಹಿಡಿದಿದ್ದ ಏನೋ ಒಂದು ಸಡಿಲವಾಗಿ, ಎಡಗಾಲು ಎಷ್ಟು ನೋಯುತ್ತಿತ್ತೆಂದು ಆಗ ಗೊತ್ತಾಯಿತು.

"ಹೇಳಬಹುದಿತ್ತಲ್ಲೇ ಆವತ್ತು" ಅಂದಳು.

"ಅದು ನಿನ್ನ ಮಂಡಿ. ಹೇಳೋದು ನೀನಾ, ನಾನಾ?"

ಟೀ ತಟ್ಟೆಯನ್ನು ಬೆರಿಲ್ ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ಕೋಲನ್ನು ಮುಂದಿಡಲು ಹವಣಿಸುತ್ತಿದ್ದಳು. ಹೆಸ್ಟರ್ ಅಭ್ಯಾಸದಂತೆ ಮುಂದೆ ಹೋದಳು, ಅದನ್ನು ಕಸಿದುಕೊಳ್ಳಲು.

"ಕೂತ್ಕೋ" ಎಂದಳು ಬೆರಿಲ್. "ಕರೀತೀನಿ."

ಹೆಸ್ಟರ್ ಕಿಟಕಿಯ ಮುಂದಿನ ಕುರ್ಚಿಯಲ್ಲಿ ಕೂತಳು. ಮೊದಲು ಬಲಗಾಲು ಚಾಚಿ, ಆಮೇಲೆ, ಬೆರಿಲ್ ನೋಡುತ್ತಿರುವಾಗಲೇ, ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಅದರ ಪಕ್ಕದಲ್ಲಿಟ್ಟಳು. ಕೆಳಗೆ ಹೊಲದಲ್ಲಿ ಬೆವನ್ ಮರಿಯನ್ನು ತಡಮೆಯ ಮೇಲಿನಿಂದ ಈಚೆ ಇಳಿಸುತ್ತಿದ್ದ. ಅದು ನೆಲ ಮುಟ್ಟಿದ್ದೇ ತಾಯಿಯ ಕಡೆ ಓಡಿತು.

"ಸಂಜೆ ಸಭೆಗೆ ಹೋಗ್ತೀಯಾ?" ಬೆರಿಲ್ ಕೇಳಿದಳು.

"ಹೋಗ್ತೀನಿ. ನೀನೂ ಬರಬೇಕು. ಕ್ಲೈವ್ ಟಡ್ಜ್ ಕಾರಲ್ಲಿ ಕರ್ಕೊಂಡು ಹೋಗ್ತಾನೆ, ನಾನು ಹೇಳ್ತೀನಿ."

"ಹೋಗಿ ಏನಂತೀಯ?"

ಹೆಸ್ಟರ್ ಕಪ್ಪಿಗೆ ಕೈ ಚಾಚಿದಳು.

"ಬೆವನ್ ಹುಡುಕ್ತಾ ಇದಾನಲ್ಲ, ಬೇಲಿ ನುಸುಳೋ ಭಾರಿ ಪ್ರಾಣಿ" ಅಂದಳು. "ಅದು ನಾನೇ ಅಂತೀನಿ."